ಫ್ಲೆಕ್ಸಿನ ಮೇಲೆ ನಾನು

ನಿವೃತ್ತನಾದ ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಹಲ್ಲುಜ್ಜುತ್ತಿದ್ದೆ. ಹಿಂದಿನ ಓಣಿಯ ಹಿರಿಯರೊಬ್ಬರು ಬಾಗಿಲಿಗೆ ಬಂದು, ಚಪ್ಪಲಿ ದೂರ ಬಿಟ್ಟು, ನನ್ನ ಹೆಂಡತಿಯನ್ನು ತಗ್ಗಿದ ದನಿಯಲ್ಲಿ ಕೇಳಿದರು: "ಯಾವಾಗ ಆತವ್ವ? ರಾತ್ರೀನೋ, ಮುಂಜಾನೀನೋ?" ಬಾಯಿ ತುಂಬ ನೊರೆ ಇಟ್ಟುಕೊಂಡು ನಾನೇ ಹೊರಗೆ ಬಂದೆ. ಪಾಪ, ಗೋಡೆ ಹಿಡಿದುಕೊಂಡರು.

ತಪ್ಪು ಅವರದಲ್ಲ. ಕೊಪ್ಪಳದ ಅಶೋಕ ಸರ್ಕಲ್ಲಿನಲ್ಲಿ ಅಕ್ಕನ ಮಗ ಕಟ್ಟಿಸಿದ್ದ ಫ್ಲೆಕ್ಸಿನದು. 'ವಯೋನಿವೃತ್ತಿಯ ಹಾರ್ದಿಕ ಶುಭಾಶಯಗಳು' ಎಂದು ಮೊಳದುದ್ದದ ಅಕ್ಷರಗಳೇನೋ ಇದ್ದವು. ಆದರೆ ಫೋಟೊ ನಾನು ನೌಕರಿಗೆ ಸೇರಿದ ಕಾಲದ ಕಪ್ಪು-ಬಿಳುಪಿನದು. ಅದರ ಹರಿದ ಅಂಚು ಕಾಣದಿರಲೆಂದು ಅಂಗಡಿಯ ಹುಡುಗ ಅದನ್ನು ಮೊಟ್ಟೆಯಾಕಾರಕ್ಕೆ ಕತ್ತರಿಸಿ, ಸುತ್ತ ಚೆಂಡುಹೂವಿನ ಮಾಲೆ ಇಳಿಬಿಟ್ಟು, ಕೆಳಗೊಂದು ದೀಪ ಹಚ್ಚಿಟ್ಟಿದ್ದ. ದೀಪ ಯಾಕೋ ಅಂದರೆ, "ಜಾಗ ಖಾಲಿ ಕಾಣಾಕತ್ತಿತ್ರಿ ಸರ" ಅಂದ. ಹೂವು ಮದುವೆಗೂ ಬರುತ್ತದೆ, ದೀಪ ಜಾತ್ರೆಗೂ ಬರುತ್ತದೆ. ಮೊಟ್ಟೆಯೊಳಗಿನ ಕಪ್ಪು-ಬಿಳುಪು ಮುಖದ ಪಕ್ಕಕ್ಕೆ ಬಂದವೋ, ಮುಗಿಯಿತು, ತಿಥಿ.

ನಮ್ಮೂರಲ್ಲಿ ಫ್ಲೆಕ್ಸನ್ನು ಯಾರು ಓದುತ್ತಾರೆ? ಅಳೆಯುತ್ತಾರೆ. ಮೇಲಿನ ಸಾಲಿನಲ್ಲಿ ಅಂಚೆಚೀಟಿಯಷ್ಟು ಮಹಾತ್ಮರು, ನಡುವೆ ಕೈ ಮುಗಿದ ಆಳೆತ್ತರದ ಸಾಹೇಬರು, ಕೆಳಗೆ ಕಪ್ಪು ಕನ್ನಡಕ ಹಾಕಿ ಕಿವಿಗೆ ಮೊಬೈಲು ಹಿಡಿದ ಶುಭ ಕೋರುವವರು. ಆ ಮೊಬೈಲಿನಲ್ಲಿ ಯಾರೂ ಮಾತಾಡುತ್ತಿಲ್ಲ ಎಂಬುದು ನೋಡುವವರಿಗೂ ಗೊತ್ತು. ಆದರೂ 'ಇಂವಗ ಮ್ಯಾಲಿನವರ ಸಂಪರ್ಕ ಐತಿ' ಅನ್ನಿಸುತ್ತದಲ್ಲ, ಅಷ್ಟು ಸಾಕು. ಹೋದ ಜಾತ್ರೆಗೆ ಸಾಹೇಬರ ಭುಜದ ಪಕ್ಕ ಇದ್ದವನ ಮುಖ ಈ ಜಾತ್ರೆಗೆ ಮೊಣಕಾಲಿನ ಹತ್ತಿರ ಇಳಿದಿದ್ದರೆ, ಒಡಕು ಪೇಪರಿನಲ್ಲಿ ಬರುವ ಮೊದಲೇ ಚಹಾ ಅಂಗಡಿಯಲ್ಲಿ ಅದು ಹಳೇ ಸುದ್ದಿ.

ಅಕ್ಷರಕ್ಕಿಂತ ಚಿತ್ರ ಮುಂದೆ ಓಡುತ್ತದೆ ಎಂಬುದನ್ನು ಚುನಾವಣಾ ಆಯೋಗ 1951-52ರ ಮೊದಲ ಮಹಾಚುನಾವಣೆಯಲ್ಲೇ ಕಂಡುಕೊಂಡಿತ್ತು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವನ ಗುರುತಿನ ಚಿತ್ರ. ಹೆಸರು ಓದಲು ಬಾರದಿದ್ದರೂ ಚೀಟಿ ಹಾಕಲು ಅಡ್ಡಿಯಿರಲಿಲ್ಲ.

ನನ್ನ ಫ್ಲೆಕ್ಸು ಜೋತಾಡುತ್ತಿದ್ದದ್ದು ಅಶೋಕನ ಹೆಸರಿನ ಸರ್ಕಲ್ಲಿನಲ್ಲಿ ಅಂದೆನಲ್ಲ. ಆತ ಇದೇ ಊರಿನ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಬರೆಸಿದ್ದು ಬರೀ ಅಕ್ಷರ, ಬ್ರಾಹ್ಮಿ ಲಿಪಿಯಲ್ಲಿ. ಒಂದು ಮುಖವಿಲ್ಲ, ಕಿರೀಟವಿಲ್ಲ. ಹೆಸರನ್ನೂ ಹೇಳದೆ 'ದೇವಾನಾಂಪ್ರಿಯ' ಅಂದುಬಿಟ್ಟ. ಅದು ಅಶೋಕನೇ ಎಂದು ಗಟ್ಟಿಯಾದದ್ದು 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಅವನ ಹೆಸರೇ ಇದ್ದ ಬಂಡೆ ಸಿಕ್ಕ ಮೇಲೆ. ಇನ್ನು ಮುಖ ಬೇಕೆಂದರೆ ಕಲಬುರಗಿ ಜಿಲ್ಲೆಯ ಸನ್ನತಿ ಹತ್ತಿರದ ಕನಗನಹಳ್ಳಿಗೆ ಹೋಗಬೇಕು. ರಾಣಿಯ ಜೊತೆ ನಿಂತ ರಾಜ, ಮೇಲೆ ಛತ್ರಿ, ಬದಿಗೆ ಚಾಮರ, ಪಕ್ಕದಲ್ಲಿ 'ರಾಯೋ ಅಸೋಕೋ' ಎಂಬ ಬರಹ. ಕೆತ್ತಿದವನಂತೂ ಅಶೋಕನನ್ನು ಕಂಡವನಲ್ಲ, ನಡುವೆ ತಲೆಮಾರುಗಳೇ ಕಳೆದಿದ್ದವು. ಛತ್ರಿ ಚಾಮರ ನೋಡಿ ರಾಜ ಅಂದುಕೊಳ್ಳಬಹುದು; ಯಾವ ರಾಜ ಅನ್ನುವುದಕ್ಕೆ ಆ ಎರಡು ಪದವೇ ಗತಿ. ನನಗೆ ಮೂರು ಪದ ಬರೆಸಿದ್ದರು. ಏನು ಮಾಡುವುದು, ಕೆಳಗೆ ದೀಪ ಉರಿಯುತ್ತಿತ್ತು.

ವಾರ ಕಳೆದ ಮೇಲೆ ಫ್ಲೆಕ್ಸು ಸರ್ಕಲ್ಲಿನಿಂದ ಮಾಯವಾಯಿತು. ಮೊನ್ನೆ ಮಳೆ ಬಂತೆಂದು ಮಿರ್ಚಿ ಬಂಡಿಯ ಕೆಳಗೆ ನಿಂತು ತಲೆಯೆತ್ತಿದರೆ ನೆತ್ತಿಯ ಮೇಲೆ ನಾನೇ, ಚೆಂಡುಹೂವಿನ ಸಮೇತ. ಒಗ್ಗರಣೆ ಹೊಗೆಗೆ ಒಂದು ಕಣ್ಣು ಆಗಲೇ ಮಸುಕಾಗಿತ್ತು.

"ಬಣ್ಣದ ಮಗ್ಗಲ ಒಳಗ ಯಾಕ ಹಾಕೀಯವ್ವ?" ಅಂದೆ.

"ಹೊರಗ ಹಾಕಿದ್ದೆ ನೋಡ್ರಿ. ಮಂದಿ 'ಯಾರು ತೀರಿಕೊಂಡ್ರು' ಅಂತ ಕೇಳಾಕ ಬರ್ತಿದ್ರು, ಮಿರ್ಚಿ ತಿನ್ನಾಕ ಒಬ್ರೂ ಬರಲಿಲ್ಲ" ಅಂದಳು. ಆಮೇಲೆ ಮೇಲೊಮ್ಮೆ, ನನ್ನ ಕಡೆಗೊಮ್ಮೆ ನೋಡಿ, ಪ್ಲೇಟಿಗೆ ಇನ್ನೊಂದು ಮಿರ್ಚಿ ಜಾಸ್ತಿ ಹಾಕಿದಳು.