ಟ್ರ್ಯಾಕ್ಟರಿಗೆ ಪೌಡರ್ ಹಚ್ಚಿದ ಕಥೆ

ನಮ್ಮ ಮನೆಯ ಮಿನಿ ಟ್ರ್ಯಾಕ್ಟರು ಮಳೆಗಾಲದಲ್ಲಿ ಕೆಲಸ ಮಾಡುವುದಿಲ್ಲ. ಜೂನ್ ಹೊತ್ತಿಗೆ ಕೊಟ್ಟಿಗೆ ಪಕ್ಕದ ಮಾಡಿನಡಿ ಸೇರಿಕೊಂಡರೆ ಮತ್ತೆ ಹೊರಗೆ ಬರುವುದು ಅಡಿಕೆ ಕೊನೆ ತೆಗೆಯುವ ಕಾಲಕ್ಕೆ. ಸಾಗರದ ಕಡೆಯ ಮಳೆಯಲ್ಲಿ ತೋಟದ ದಾರಿಗೆ ಇಳಿಸಿದರೆ ಅದನ್ನು ಎಳೆಯಲು ಇನ್ನೊಂದು ಟ್ರ್ಯಾಕ್ಟರು ಬೇಕು. ಹಾಗಾಗಿ ಮನೆಯಲ್ಲಿ ಸಂಬಳ ಸಹಿತ ರಜೆ ಇರುವುದು ಅದಕ್ಕೊಂದಕ್ಕೇ.

ಈ ಸಲ ರಜೆ ಮುಗಿಸಿ ಬಂದದ್ದೇನೋ ಜೋರಾಗಿಯೇ. ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು. ಸೊಪ್ಪಿನ ಬೆಟ್ಟಕ್ಕೆ ಹೋಗಿ ಬಂದು ಅಂಗಳದಲ್ಲಿ ನಿಂತಾಗ ಮಾತ್ರ ಅಡಿಯಲ್ಲಿ ಕರಿ ಚುಕ್ಕೆಗಳು. ಅಪ್ಪಯ್ಯ ಬಗ್ಗಿ ಮುಟ್ಟಿ, ಮೂಸಿ, "ಇಂಜಿನ್ ಆಯಿಲ್ಲು" ಎಂದರು.

ಅಪ್ಪಯ್ಯ ನಿವೃತ್ತ ಗಣಿತ ಮೇಷ್ಟ್ರು. ಅವರ ಎದುರು ಏನೂ ಸುಮ್ನೆ ಸೋರುವ ಹಾಗಿಲ್ಲ. ಇಂಜಿನ್ ಚಾಲೂ ಇಡಿಸಿ, ವಾಚು ಹಿಡಿದು ಕೂತರು. "ನಿಮಿಷಕ್ಕೊಂದು ಹನಿ. 20 ಹನಿಗೆ ಒಂದು ಎಂ.ಎಲ್. ದಿನಕ್ಕೆ 1440 ಹನಿ ಅಂದರೆ 72 ಎಂ.ಎಲ್. ಎರಡು ವಾರಕ್ಕೆ ಒಂದು ಲೀಟರು!"

"ನಮ್ಮ ಟ್ರ್ಯಾಕ್ಟರು 24 ಗಂಟೆ ಓಡುವುದಿಲ್ಲ. ಇಂಜಿನ್ ನಿಲ್ಲಿಸಿದರೆ ಸೋರುವುದೂ ನಿಲ್ಲುತ್ತದಲ್ಲ ಅಪ್ಪಯ್ಯ" ಎಂದೆ.

"ಲೆಕ್ಕ ಲೆಕ್ಕವೇ" ಎಂದರು.

ಸದ್ಯಕ್ಕೆ ಅಡಿಗೆ ಒಂದು ಅಡಿಕೆ ಹಾಳೆ ಇಟ್ಟೆವು. ಮಲೆನಾಡಿನಲ್ಲಿ ಏನೇ ಸೋರಿದರೂ ಮೊದಲ ಚಿಕಿತ್ಸೆ ಅದೇ.

ಸುದ್ದಿ ಹಾಲಿನ ಡೈರಿ ಮುಟ್ಟಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. ಸಂಜೆಯೊಳಗೆ ಅಂಗಳದಲ್ಲಿ ಜನ. ಒಬ್ಬರು ಬಾರ್ ಸೋಪು ತಿಕ್ಕಿ ಎಂದರು. ಡೀಸೆಲ್ ಟ್ಯಾಂಕಿನ ಸೂಜಿ ತೂತಿಗೆ ಅದು ನಿಜವಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಡೀಸೆಲ್ಲಿಗೆ ಸೋಪು ಕರಗುವುದಿಲ್ಲ. ಆದರೆ ನಮ್ಮಲ್ಲಿ ಸೋರುತ್ತಿದ್ದದ್ದು ಟ್ಯಾಂಕಲ್ಲ. ಇನ್ನೊಬ್ಬರು ಚೇಂಬರಿನ ಡ್ರೈನ್ ನಟ್ಟಿನ ವಾಷರ್ ಹೋಗಿದೆ ಎಂದರು. ಮತ್ತೊಬ್ಬರು ತಲೆ ಅಲ್ಲಾಡಿಸಿ, "ಹಿಂದಿನ ಆಯಿಲ್ ಸೀಲು. ಅದನ್ನು ಹಾಕಬೇಕು ಅಂದ್ರೆ ಕ್ಲಚ್ಚಿನ ಹತ್ತಿರ ಟ್ರ್ಯಾಕ್ಟರನ್ನೇ ಎರಡು ಹೋಳು ಮಾಡ್ಬೇಕು ಮಾರಾಯ್ರೆ" ಎಂದರು. ಮಾತು ಸುಳ್ಳಲ್ಲ. ಆ ಸೀಲು ಇಂಜಿನ್ನು ಮತ್ತು ಗೇರ್‌ಬಾಕ್ಸಿನ ನಡುವೆ ಕೂತಿರುತ್ತದೆ, ಬಿಡಿಸದೆ ಕೈಗೆ ಸಿಗುವುದಿಲ್ಲ. ಅಪ್ಪಯ್ಯನ ಮುಖ ಸಪ್ಪಗಾಯಿತು. ಚಿಕ್ಕಪ್ಪನ ಜೊತೆ ಮನೆ ಪಾಲಾದಾಗ ತೋಟ, ಗದ್ದೆ, ಹಂಡೆ, ಕೊನೆಗೆ ಉಪ್ಪಿನಕಾಯಿ ಭರಣಿ ಕೂಡ ಹಿಸ್ಸೆ ಆಗಿತ್ತು. ಹೋಳಾಗದೆ ಉಳಿದದ್ದು ಈ ಟ್ರ್ಯಾಕ್ಟರು ಒಂದೇ.

ಅಷ್ಟರಲ್ಲಿ ಭಾವ ಬಂದ. ಭಾವನಿಗೆ ಯಾವ ರಿಪೇರಿಯಾದರೂ ಒಂದೇ ಮದ್ದು: ಬಿಗಿ ಮಾಡುವುದು. ಇಂಜಿನ್ನಿನ ನೆತ್ತಿ ಮುಚ್ಚುವ ಟ್ಯಾಪೆಟ್ ಕವರಿನ ಸುತ್ತ ಎಣ್ಣೆ ಜಿನುಗುತ್ತಿದ್ದದ್ದು ಕಂಡದ್ದೇ ತಡ, 10ರ ಸ್ಪ್ಯಾನರ್ ತಗೊಂಡ. ಆ ಕವರು ತೆಳು ತಗಡಿನದ್ದು. ಅದರ ಕೆಳಗೆ ಕಾರ್ಕಿನ ಪ್ಯಾಕಿಂಗ್. ಬೋಲ್ಟುಗಳು 6 ಎಂಎಂ, ಕೈ ಹಗುರ ಇಟ್ಟು ಕೂರಿಸಬೇಕಾದವು. ಭಾವ ಬೋಲ್ಟು ನಿಲ್ಲುವವರೆಗೆ ಅಲ್ಲ, ತನ್ನ ಉಸಿರು ನಿಲ್ಲುವವರೆಗೆ ತಿರುಗಿಸಿದ. ತಗಡು ಬೋಲ್ಟಿನ ಬುಡದಲ್ಲಿ ತಗ್ಗಾಯಿತು, ನಡುವೆ ಉಬ್ಬಿತು, ಪ್ಯಾಕಿಂಗ್ ಹೊರಗೆ ನಾಲಗೆ ಚಾಚಿತು. ಮೊದಲು ಜಿನುಗುತ್ತಿದ್ದ ಎಣ್ಣೆ ಈಗ ಸಾಲು ಹಿಡಿದು ಇಳಿಯತೊಡಗಿತು.

"ನೋಡು, ಲೀಕು ಇಲ್ಲೇ ಇದ್ದದ್ದು. ಗೊತ್ತಾಯ್ತಲ್ಲ?" ಎಂದ ಭಾವ.

ಆಯಿಲ್ ಲೀಕು ಹುಡುಕುವುದರಲ್ಲಿ ಒಂದು ತೊಂದರೆ ಇದೆ. ಎಣ್ಣೆ ಕೆಳಗೆ ಹರಿಯುತ್ತದೆ, ಜೊತೆಗೆ ರೇಡಿಯೇಟರಿನ ಫ್ಯಾನು ಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆ. ಮುಂದೆ, ಮೇಲೆ ಎಲ್ಲೋ ಹೊರಟ ಎಣ್ಣೆ ಹಿಂದೆ, ಕೆಳಗೆ ಹನಿಯಾಗಿ ಬೀಳುತ್ತದೆ. ಹನಿ ಬಿದ್ದ ಜಾಗ ನೋಡಿ ತೀರ್ಪು ಕೊಟ್ಟರೆ ಕೆಟ್ಟೆವು. ಇಂಜಿನ್ನನ್ನು ಡೀಸೆಲ್ ಹಾಕಿ ತಿಕ್ಕಿ, ಬನಿಯನ್ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಮೇಲೆ ಮುಖದ ಪೌಡರ್ ಉದುರಿಸಬೇಕು. ಆಮೇಲೆ ಸ್ಟಾರ್ಟ್ ಮಾಡಿದರೆ ಬಿಳಿ ಪೌಡರಿನ ಮೇಲೆ ಕರಿ ಗೆರೆ ಮೂಡುತ್ತದೆ. ಗೆರೆ ಹಿಡಿದು ಮೇಲಕ್ಕೆ ಹೋದರೆ ಮೂಲ ಸಿಗುತ್ತದೆ. ಹಳೇ ಉಪಾಯ, ಒಳ್ಳೇ ಉಪಾಯ.

ಪೌಡರ್ ಕೇಳಿದಾಗ ಹೆಂಡತಿ, "ಇಂಜಿನ್ನಿಗೆ ಯಾರ ಮನೆ ಮದುವೆಗೆ ಹೋಗೋದಿದೆ?" ಎಂದಳು. ಡಬ್ಬಿ ಕೊಟ್ಟಳು, ಜೊತೆಗೆ ಬಂದು ನಿಂತಳು, ಪ್ರತಿ ಚಿಟಿಕೆಗೂ "ಸಾಕು, ಸಾಕು" ಎಂದಳು. ಎಲ್ಲ ತಯಾರಾಯಿತು. ಅಪ್ಪಯ್ಯ ಸೀಟಿನ ಮೇಲೆ ಕೂತು ಕೀ ತಿರುಗಿಸಿದರು. ಫ್ಯಾನು ತನ್ನ ಕೆಲಸ ಮಾಡಿತು. ಹೊಗೆ ಹೋದ ಮೇಲೆ ನೋಡಿದರೆ ಇಂಜಿನ್ ಮೇಲೆ ಅರ್ಧ ಪೌಡರ್, ಉಳಿದರ್ಧ ಅಪ್ಪಯ್ಯನ ಮೇಲೆ. ಅರ್ಧ ಬಣ್ಣ ಹಚ್ಚಿ ಚೌಕಿಯಿಂದ ಎದ್ದು ಬಂದ ಯಕ್ಷಗಾನದ ವೇಷದ ಹಾಗೆ ಕೂತಿದ್ದರು. ಅಂಗಳವೆಲ್ಲ ಗಂಧದ ಪರಿಮಳ.

ಗೆರೆಗಳೇನೋ ಮೂಡಿದವು. ಒಂದು ಕಡೆಯಲ್ಲ, ಟ್ಯಾಪೆಟ್ ಕವರಿನಿಂದ, ಮುಂದಿನ ಸೀಲಿನಿಂದ, ಆಯಿಲ್ ನೋಡುವ ಕಡ್ಡಿಯ ತೂತಿನಿಂದ! ಅಷ್ಟೇ ಅಲ್ಲ, ಒತ್ತಿ ಕೂರಿಸಿದ್ದ ಆ ಕಡ್ಡಿ ತಾನಾಗಿ ಮೇಲೆದ್ದು ಇಣುಕುತ್ತಿತ್ತು. ಭಾವ ಅದನ್ನೂ ಬಿಗಿ ಮಾಡಲು ಹೊರಟವನು, ಅದಕ್ಕೆ ಬೋಲ್ಟಿಲ್ಲ ಎಂದು ತಿಳಿದು ಬೇಸರ ಮಾಡಿಕೊಂಡ.

ಪೇಟೆಯ ಗ್ಯಾರೇಜಿನ ಹುಡುಗನಿಗೆ ಫೋನಿನಲ್ಲಿ ವರದಿ ಒಪ್ಪಿಸಿದೆ. ಸೀಲು, ಪ್ಯಾಕಿಂಗ್ ಅಂದಾಗೆಲ್ಲ ಸುಮ್ಮನಿದ್ದವನು ಕಡ್ಡಿ ಮೇಲೇಳುತ್ತದೆ ಎಂದ ಕೂಡಲೇ, "ಏನನ್ನೂ ಬಿಚ್ಬೇಡಿ ಅಣ್ಣ, ಬಂದೆ" ಎಂದ. ಬಂದವನು ಹನಿಯನ್ನು ನೋಡಲೇ ಇಲ್ಲ. ನೇರ ಬ್ರೀದರ್ ಪೈಪು ಹಿಡಿದು ಅದರ ತುದಿಗೆ ಟಾರ್ಚು ಬಿಟ್ಟ.

ಡೀಸೆಲ್ ಇಂಜಿನ್ನು ಸಿಲಿಂಡರಿನಲ್ಲಿ ಗಾಳಿಯನ್ನು 16ರಿಂದ 22 ಪಟ್ಟು ಅದುಮುತ್ತದೆ. ಪಿಸ್ಟನ್ ರಿಂಗು ಎಷ್ಟೇ ಚೆನ್ನಾಗಿದ್ದರೂ ಸ್ವಲ್ಪ ಗಾಳಿ ಹೊಗೆ ಕೆಳಗೆ, ಎಣ್ಣೆ ಇರುವ ಕೋಣೆಗೆ ನುಸುಳುತ್ತದೆ. ಅದು ಹೊರಗೆ ಹೋಗಲೆಂದೇ ಬ್ರೀದರ್ ಪೈಪು. ಆ ಬಾಯಿ ಕಟ್ಟಿದರೆ ಒಳಗೆ ಒತ್ತಡ ಏರಿ, ಸಿಕ್ಕ ಸಂದಿಯಿಂದ ಎಣ್ಣೆಯನ್ನು ಹೊರಗೆ ನೂಕುತ್ತದೆ. ನಮ್ಮ ಪೈಪಿನ ಬಾಯಿಗೆ ಯಾರೋ ಗಾರೆ ಕೆಲಸ ಮಾಡಿದ್ದರು. ನುಣ್ಣಗೆ, ಗಟ್ಟಿಯಾಗಿ. ಹಳೇ ಕೊಡೆಯ ಕಡ್ಡಿ ತಂದು ಕೆದಕಿದಾಗ ಒಣಗಿದ ಮಣ್ಣು ಬಿತ್ತು, ಅದರ ಹಿಂದೆ ಮುರುಟಿದ ಹಸಿರು ಹುಳಗಳು. ಮರಿಗಳ ಊಟಕ್ಕೆಂದು ಕುಂಬಾರ ಹುಳು ತುಂಬಿಟ್ಟ ಬುತ್ತಿ. ಟ್ರ್ಯಾಕ್ಟರು ಇಡೀ ಮಳೆಗಾಲ ಅಲ್ಲಾಡದೆ ನಿಂತದ್ದನ್ನು ನೋಡಿ ಅದು ಜಾಗ ಹಿಡಿದಿತ್ತು. ನಮ್ಮ ಮಾಡಿನಡಿ ಅಚ್ಚುಕಟ್ಟಾದ ಕೆಲಸ ಅಂತ ನಡೆದದ್ದು ಅದೊಂದೇ ಇರಬೇಕು.

"ಕುಂಬಾರ ಹುಳು ಗೂಡು ಕಟ್ಟಿದರೆ ಮನೆಗೆ ಒಳ್ಳೇ ಸುದ್ದಿ ಬರ್ತದೆ" ಎಂದಳು ಆಯಿ, ಎಲ್ಲರೆದುರು, ಸೊಸೆಯ ಮುಖ ನೋಡುತ್ತ. ಹೆಂಡತಿ ಪೌಡರ್ ಡಬ್ಬಿ ಹಿಡಿದು ಒಳಗೆ ನಡೆದಳು.

ಪೈಪು ತೆರೆದ ಮೇಲೆ ಮುಂದಿನ ಸೀಲು ತಾನಾಗಿ ಒಣಗಿತು, ಕಡ್ಡಿ ತೆಪ್ಪಗೆ ಕೂತಿತು. ಸೊಳ್ಳೆ ಪರದೆಯ ತುಂಡೊಂದನ್ನು ಪೈಪಿನ ತುದಿಗೆ ಸಡಿಲವಾಗಿ ಕಟ್ಟಿದೆವು. ಹೊಗೆ ಹೋಗಬೇಕು, ಹುಳು ಬರಬಾರದು. ಉಬ್ಬಿದ ಟ್ಯಾಪೆಟ್ ಕವರನ್ನು ಹುಡುಗ ಕಬ್ಬಿಣದ ಹಲಗೆ ಮೇಲಿಟ್ಟು ತಟ್ಟಿ ನೆಟ್ಟಗೆ ಮಾಡಿ, ಹೊಸ ಪ್ಯಾಕಿಂಗ್ ಹಾಕಿದ. ಬಿಲ್ಲು ಹೀಗಿತ್ತು: ಮಣ್ಣು ತೆಗೆದದ್ದಕ್ಕೆ 50 ರೂಪಾಯಿ, ಭಾವ ಮಾಡಿದ ರಿಪೇರಿಯ ರಿಪೇರಿಗೆ 450. ಅಪ್ಪಯ್ಯ ಶೇಕಡಾವಾರು ಲೆಕ್ಕ ಹಾಕುವಷ್ಟರಲ್ಲಿ ಭಾವ ಬೈಕ್ ಹತ್ತಿದ್ದ.

ಮರುದಿನ ಬೆಳಿಗ್ಗೆ ಕೆಳಗಿನ ಮನೆಯವರು ಗರಟೆ ಹಿಡಿದು ಬಂದರು. ಬೇಲಿ ಕಂಬಕ್ಕೆ ಒರಲೆ ಹತ್ತಿದೆ, ಹಾಳೆಯಲ್ಲಿ ಬಿದ್ದ ಆಯಿಲ್ ಬಳಿದರೆ ಆಗುತ್ತದೆ ಎಂದರು. ಹಾಳೆ ಒಣಗಿತ್ತು.

"ಹೌದಾ, ನಿಂತೇ ಹೋಯ್ತಾ?" ಎಂದು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದರು. "ಎಂತ ಅವಸರ ಇತ್ತು ನಿಂಗೆ? ಇನ್ನೂ ಅರ್ಧ ಬೇಲಿ ಬಾಕಿ ಇದೆ."