ಚರಂಡಿಯ ಮೂರು ಫೋಟೋ

ಹೋದ ವರ್ಷ ಮಾರ್ಚ್ ಕೊನೇ ವಾರದಲ್ಲಿ ಊರಿಗೆ ಹೋಗಿದ್ದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಜಗಲಿಗೆ ಬಂದರೆ ಮನೆ ಮುಂದೆ ನಾಲ್ಕು ಜನ ತಲೆ ಬಗ್ಗಿಸಿ ನಿಂತಿದ್ದಾರೆ. ಹಾವು ಗೀವು ಬಂದಿದೆ ಅಂದುಕೊಂಡೆ. ಅಲ್ಲ, ಚರಂಡಿ ನೋಡುತ್ತಿದ್ದರು. ಪಂಚಾಯಿತಿ ಅಧಿಕಾರಿ ಪಿಡಿಒ, ಡಾಟಾ ಎಂಟ್ರಿ ಹುಡುಗ, ನೀರುಗಂಟಿ, ಮತ್ತೆ ಪಂಚಾಯಿತಿ ಅಧ್ಯಕ್ಷರು. ಅಧ್ಯಕ್ಷರು ಅಂದರೆ ಅಧ್ಯಕ್ಷರಲ್ಲ, ಅಧ್ಯಕ್ಷರ ಯಜಮಾನರು. ನಿಜವಾದ ಅಧ್ಯಕ್ಷರು ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದರು.

"ಸಾರ್, ಒಂಚೂರು ಆ ಕಡೆ ಸರೀತೀರಾ? ಫೋಟೋದಲ್ಲಿ ನಿಮ್ಮ ಲುಂಗಿ ಬರ್ತಿದೆ" ಎಂದ ಹುಡುಗ.

ಸರಿದೆ. ನನ್ನ ಲುಂಗಿ ದೆಹಲಿಗೆ ಹೋಗುವುದು ತಪ್ಪಿತು.

ಕೇಂದ್ರದ ದುಡ್ಡನ್ನು ರಾಜ್ಯಗಳಿಗೂ ಪಂಚಾಯಿತಿಗಳಿಗೂ ಹೇಗೆ ಹಂಚಬೇಕು ಅಂತ ಹೇಳುವುದು ಹಣಕಾಸು ಆಯೋಗ. ಆಗ ಇದ್ದ 15ನೇ ಆಯೋಗದ ದುಡ್ಡಲ್ಲಿ ಕೆಲಸ ಮಾಡಿಸಿದರೆ ಮೂರು ಫೋಟೋ ಬೇಕಿತ್ತಂತೆ. ಶುರು ಮಾಡುವ ಮುಂಚೆ ಒಂದು, ನಡೆಯುವಾಗ ಒಂದು, ಮುಗಿದ ಮೇಲೆ ಒಂದು. ಅದೂ ಅಕ್ಷಾಂಶ ರೇಖಾಂಶ ಸಮೇತ. ನನ್ನ ಮದುವೆಗೂ ಇಷ್ಟು ಶಿಸ್ತಾಗಿ ಫೋಟೋ ತೆಗೆದಿರಲಿಲ್ಲ. ಇದು ಮೂರನೇ ಫೋಟೋ, ಅಂದರೆ ಚರಂಡಿಯ ಆರತಕ್ಷತೆ. ಇನ್ನೇನು ಕ್ಲಿಕ್ ಮಾಡಬೇಕು, ಆಗ ಪಿಡಿಒ ತಡೆದರು. ಚರಂಡಿ ಒಣಗಿ ಬಿಳಿಚಿಕೊಂಡಿತ್ತು. ನೀರುಗಂಟಿ ಓಡಿಹೋಗಿ ಎರಡು ಕೊಡ ನೀರು ತಂದು ಸುರಿದ. ನೀರು ಹರಿಯಿತು, ಫೋಟೋ ಬಿತ್ತು, ಎಲ್ಲರ ಮುಖದಲ್ಲೂ ಸಮಾಧಾನ.

"ಅಲ್ಲಯ್ಯ, ನಲ್ಲಿಯಲ್ಲಿ ನಾಲ್ಕು ದಿನದಿಂದ ನೀರಿಲ್ಲ, ನೀನು ಎಲ್ಲಿಂದ ತಂದೆ?" ಅಂತ ಕೇಳಿದೆ.

"ತೋಟದ ಬೋರಿಂದ ಬೇಡ್ಕೊಂಡು ತಂದೆ ಅಣ್ಣ. ನಮ್ಮ ಪಂಚಾಯ್ತಿ ಮೋಟರ್ ಸುಟ್ಟೋಗಿದ್ಯಲ್ಲ."

ಕುಡಿಯುವ ನೀರಿನ ಮೋಟರ್ ಸುಟ್ಟು ಕೂತಿದೆ. ನೀರೇ ಇಲ್ಲದ ಊರಿಗೆ ಕೊಳಚೆ ನೀರು ಹರಿಯಲು ಹೊಸ ಚರಂಡಿ ಆಗಿದೆ. ಇದು ಕಳ್ಳತನ ಅಂತ ನೀವು ಅಂದುಕೊಂಡರೆ ತಪ್ಪು. ಕಳ್ಳತನ ಆಗಿದ್ದರೆ ಅರ್ಥವಾದರೂ ಆಗುತ್ತಿತ್ತು. ಇದು ನಿಯಮ.

ಪಿಡಿಒ ಪಾಪ ಒಳ್ಳೇ ಮನುಷ್ಯ, ಜಗಲಿ ಮೇಲೆ ಕೂತು ಬಿಡಿಸಿ ಹೇಳಿದರು. 15ನೇ ಆಯೋಗದ ಲೆಕ್ಕದಂತೆ ದೆಹಲಿಯಿಂದ ಪಂಚಾಯಿತಿಗೆ 100 ರೂಪಾಯಿ ಬಂತು ಅಂದುಕೊಳ್ಳಿ. ಅದರಲ್ಲಿ 60 ರೂಪಾಯಿ ಟೈಡ್, ಅಂದರೆ ಗಂಟು ಹಾಕಿದ ದುಡ್ಡು. ಆ 60ರಲ್ಲಿ ಎರಡು ಗಂಟು. 30 ರೂಪಾಯಿ ಕುಡಿಯುವ ನೀರಿನದು, ಇನ್ನು 30 ನೈರ್ಮಲ್ಯದ್ದು. ಉಳಿದ 40 ರೂಪಾಯಿ ಅನ್‌ಟೈಡ್, ಬಿಚ್ಚಿದ ದುಡ್ಡು. ನಮ್ಮೂರಲ್ಲಿ ನೀರಿನ ಗಂಟು ಡಿಸೆಂಬರಿಗೇ ಖಾಲಿ. ನೈರ್ಮಲ್ಯದ ಗಂಟಲ್ಲಿ ದುಡ್ಡಿತ್ತು. ಈ ಗಂಟಿನದನ್ನು ಆ ಗಂಟಿಗೆ ಹಾಕಬಹುದಲ್ಲ ಅಂದೆ. ಹಾಕಬಹುದು, ಆದರೆ ನಿಮ್ಮೂರಿನ ನೈರ್ಮಲ್ಯದ ಕೆಲಸ ಪೂರ್ತಿ ಮುಗಿದಿದೆ, ಇನ್ನೇನೂ ಬಾಕಿ ಇಲ್ಲ ಅಂತ ಆಗಿರಬೇಕು. ತಿಪ್ಪೆ ಪಕ್ಕದಲ್ಲಿ ನಿಂತು ಯಾರು ಹಾಗೆ ಬರೆದುಕೊಡುತ್ತಾರೆ? ಮಾರ್ಚ್ ಬೇರೆ ಬಂತು. ಖರ್ಚು ಮಾಡದಿದ್ದರೆ ಮೇಲಿನವರು ಬೈತಾರೆ. ಚರಂಡಿ ಆಯ್ತು.

ಬಿಚ್ಚಿದ 40 ರೂಪಾಯಿ ಆದರೂ ನಮ್ಮದಾ ಅಂದರೆ ಅದೂ ನಮ್ಮೂರ ಎಮ್ಮೆ ಬಿಟ್ಟ ಹಾಗೆ. ಬಿಟ್ಟಿದ್ದೇವೆ ಅಂತಾರೆ, ಕತ್ತಿನಲ್ಲಿ ಹಗ್ಗ ಇದ್ದೇ ಇರುತ್ತದೆ, ಮರದ ಸುತ್ತ ಎಷ್ಟು ಬೇಕಾದರೂ ಸುತ್ತಬಹುದು. ಅದರಲ್ಲಿ ಸಂಬಳ ಕೊಡುವ ಹಾಗಿಲ್ಲ, ಕಚೇರಿ ಖರ್ಚಿಗೆ ಮುಟ್ಟುವ ಹಾಗಿಲ್ಲ. ಚರಂಡಿಗೆ ನೀರು ಸುರಿದನಲ್ಲ, ಆ ನೀರುಗಂಟಿಗೆ ಮೂರು ತಿಂಗಳಿಂದ ಸಂಬಳ ಆಗಿರಲಿಲ್ಲ. ಫೋಟೋದಲ್ಲಿ ಅವನೂ ಬರಲಿಲ್ಲ, ಅವನ ನೆರಳು ಮಾತ್ರ ಬಿದ್ದಿದೆ.

ಇನ್ನು ಆ ಫೋಟೋ ಕತೆ. ಆ್ಯಪ್ ತೋರಿಸಿದ ಜಾಗ ನೋಡಿದರೆ ನಮ್ಮ ಮನೆಯಿಂದ ಮುನ್ನೂರು ಮೀಟರ್ ಆಚೆ ಇತ್ತು, ಕೆರೆಯ ನಡುವೆ. ಹುಡುಗ ಫೋನನ್ನು ಕೊಡವಿದ, ಆಕಾಶಕ್ಕೆ ಹಿಡಿದ, ಆಫ್ ಮಾಡಿ ಆನ್ ಮಾಡಿದ. ಚರಂಡಿ ಕೆರೆ ಬಿಟ್ಟು ಬರಲಿಲ್ಲ. ಕೊನೆಗೆ "ಇರ್ಲಿ ಬಿಡಿ, ನೀರಿನ ಹತ್ರಾನೇ ಇದೆ" ಅಂತ ಒತ್ತಿಬಿಟ್ಟ. ಹೀಗೆ ನಮ್ಮ ಚರಂಡಿ ದಾಖಲೆಯಲ್ಲಿ ಕೆರೆ ಸೇರಿತು. ಮಳೆಗಾಲದಲ್ಲಿ ಅದು ನಿಜವಾಗಿಯೂ ಸೇರುವುದು ಅಲ್ಲಿಗೇ, ಹಾಗಾಗಿ ಪೂರ್ತಿ ಸುಳ್ಳು ಅನ್ನಲೂ ಆಗುವುದಿಲ್ಲ.

ಫೋಟೋ ಹೋದ ಮೇಲೆ ಬಿಲ್ಲು. ದುಡ್ಡು ಚೆಕ್ಕಿನಲ್ಲಿ ಹೋಗುವ ಕಾಲ ಮುಗಿಯಿತು. 2020ರ ಏಪ್ರಿಲ್ 24ರಂದು, ಪಂಚಾಯತ್ ರಾಜ್ ದಿನದಂದೇ, ಇ-ಗ್ರಾಮ ಸ್ವರಾಜ್ ಅನ್ನುವ ಪೋರ್ಟಲ್ ಬಂತು. ಹೆಸರು ನೋಡಿ. ಗಾಂಧೀಜಿ ಸ್ವರಾಜ್ಯದ ಮುಂದೆ ಒಂದು 'ಇ' ಕೂರಿಸಿದರೆ ಅದು ಪಾಸ್‌ವರ್ಡ್ ಕೇಳುತ್ತದೆ. ದುಡ್ಡು ಬಿಡಲು ಡಿಜಿಟಲ್ ಸಹಿ ಇರುವ ಡೋಂಗಲ್ ಪಿಡಿಒ ಒಂದು ಚುಚ್ಚಬೇಕು, ಅಧ್ಯಕ್ಷರು ಒಂದು ಚುಚ್ಚಬೇಕು. ಅಧ್ಯಕ್ಷರ ಡೋಂಗಲ್ ಅವರ ಯಜಮಾನರ ಬೈಕ್ ಕೀಗೊಂಚಲಲ್ಲಿ ನೇತಾಡುತ್ತಿತ್ತು, ಬೈಕ್ ಕೀ, ಪಂಪ್‌ಸೆಟ್ ಮನೆ ಕೀ, ಬೀರು ಕೀ, ಪಕ್ಕದಲ್ಲಿ ಗ್ರಾಮ ಸರ್ಕಾರ. ಮಹಿಳೆಯರಿಗೆ ಅರ್ಧ ಸೀಟು ಕೊಟ್ಟ ರಾಜ್ಯ ನಮ್ಮದು, ಆ ಅರ್ಧದ ಕೀ ಎಲ್ಲಿದೆ ಅಂತ ಯಾವ ಆ್ಯಪೂ ಕೇಳಿಲ್ಲ. ಚರಂಡಿ ಎಲ್ಲಿದೆ ಅಂತ ಮಾತ್ರ ಕೇಳುತ್ತದೆ.

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆ ಹಳೇದಾಯ್ತು. 15ನೇ ಆಯೋಗದ ಪ್ರಕಾರ ಕೇಂದ್ರದ ದುಡ್ಡು ಬಂದ ಹತ್ತು ಕೆಲಸದ ದಿನದೊಳಗೆ ರಾಜ್ಯ ಅದನ್ನು ಪಂಚಾಯಿತಿಗೆ ದಾಟಿಸಬೇಕು, ತಡ ಮಾಡಿದರೆ ಬಡ್ಡಿ ಸೇರಿಸಿ ಕೊಡಬೇಕು. ಅಂದರೆ ದೇವರು ಪೂಜಾರಿಯನ್ನೂ ನಂಬಿಲ್ಲ. ಭಕ್ತರನ್ನಂತೂ ಮೊದಲೇ ನಂಬಿಲ್ಲ. ದುಡ್ಡು ಬೇಕಾದರೆ ಹೋದ ವರ್ಷದ ಲೆಕ್ಕ ಆನ್‌ಲೈನಿನಲ್ಲಿ ಇರಬೇಕು, ಅದರ ಹಿಂದಿನ ವರ್ಷದ್ದು ಆಡಿಟ್ ಆಗಿ ಇರಬೇಕು. ಇದು ತಪ್ಪು ಅಂತ ನಾನು ಹೇಳುವುದಿಲ್ಲ. ಕಾಗದದ ಮೇಲೆ ಮಾತ್ರ ಇದ್ದ ಚರಂಡಿಗಳನ್ನು ನಾವೂ ನೋಡಿದ್ದೇವೆ, ಒಂದೇ ಕಲ್ವರ್ಟಿಗೆ ಮೂರು ಸಲ ಬಿಲ್ಲಾಗಿದ್ದನ್ನೂ ಕೇಳಿದ್ದೇವೆ. ಲೆಕ್ಕ ಕೇಳಲಿ. ಆದರೆ ಲೆಕ್ಕ ಕೇಳುವವರು ಚರಂಡಿ ಇದೆಯಾ ಅಂತ ಕೇಳುತ್ತಾರೆ, ಚರಂಡಿ ಬೇಕಿತ್ತಾ ಅಂತ ಕೇಳುವುದೇ ಇಲ್ಲ, ಅಲ್ವಾ?

ಬೇಕಿತ್ತಾ ಅಂತ ಕೇಳಬೇಕಾದವರು ಯಾರು ಅಂತ ಸಂವಿಧಾನದಲ್ಲಿ ಬರೆದಿದೆ. ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯ ಪಟ್ಟಿ ಮಾಡಿದ್ದಾರೆ. ಕೃಷಿ, ಸಣ್ಣ ನೀರಾವರಿ, ಮೀನುಗಾರಿಕೆ, ರಸ್ತೆ, ಶಾಲೆ, ಗ್ರಂಥಾಲಯ, ಸಂತೆ ಜಾತ್ರೆ ತನಕ ಇದೆ. ಇಷ್ಟೆಲ್ಲ ಊರಿಗೇ ಒಪ್ಪಿಸಬಹುದು ಅಂತ. ಕ್ಷೀರಸಾಗರ ಭಟ್ಟರ ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ ಅಂತಾರಲ್ಲ, ಹಾಗೆ 29 ವಿಷಯದ ಒಡೆಯರು ಸುಮ್ನೆ ಮೋಟರ್ ರಿಪೇರಿಗೆ ಮೇಲೆ ನೋಡುತ್ತಿದ್ದಾರೆ.

ದುಡ್ಡು ಕಡಿಮೆ ಅಂತ ಅಲ್ಲ, ನೆನಪಿರಲಿ. 2021ರಿಂದ 26ರವರೆಗೆ ಐದು ವರ್ಷಕ್ಕೆ ದೇಶದ ಹಳ್ಳಿ ಪಂಚಾಯಿತಿಗಳಿಗೆ ಅಂತ 15ನೇ ಆಯೋಗ ಹೇಳಿದ್ದು 2,36,805 ಕೋಟಿ ರೂಪಾಯಿ. ಎನ್.ಕೆ. ಸಿಂಗ್ ಅವರ ಆಯೋಗ ಕಂಜೂಸಿ ಮಾಡಿತು ಅನ್ನಲಾಗುವುದಿಲ್ಲ. ಅತ್ತೆ ಸಂತೆಗೆ ಕಳಿಸುವಾಗ ಸೊಸೆ ಕೈಗೆ ದುಡ್ಡು ಧಾರಾಳವಾಗಿಯೇ ಕೊಡುತ್ತಾಳೆ, ಅದನ್ನು ಸೆರಗಿನಲ್ಲಿ ಬೇರೆ ಬೇರೆ ಗಂಟು ಹಾಕಿ, ಈ ಗಂಟು ಈರುಳ್ಳಿಗೆ, ಈ ಗಂಟು ಉಪ್ಪಿಗೆ ಅಂತ. ಸಂತೆಯಲ್ಲಿ ಈರುಳ್ಳಿ ಇಲ್ಲದಿದ್ದರೆ ಸೊಸೆ ಉಪ್ಪು ಹೊತ್ತು ಬರಬೇಕು.

ಹಾಗಂತ ಊರಿನವರು ನಾವೇನು ಸಾಚಾನಾ? ಪಂಚಾಯಿತಿಗಳ ಹಣಕಾಸಿನ ಬಗ್ಗೆ ರಿಸರ್ವ್ ಬ್ಯಾಂಕ್ 2024ರಲ್ಲಿ ಒಂದು ವರದಿ ಹಾಕಿತ್ತು. ಪಂಚಾಯಿತಿಗಳ ಆದಾಯದಲ್ಲಿ ಸ್ವಂತ ತೆರಿಗೆಯಿಂದ ಬರುವುದು ನೂರಕ್ಕೆ ಒಂದು ರೂಪಾಯಿ ಮತ್ತು ಚಿಲ್ಲರೆ. ಸುಮಾರು 80 ಕೇಂದ್ರದ್ದು, 15 ರಾಜ್ಯದ್ದು. ನಾನೇ ಎಂಟು ವರ್ಷ ಮನೆ ಕಂದಾಯ ಕಟ್ಟಿರಲಿಲ್ಲ, ಕಟ್ಟಿದ್ದು ಮನೆಯ ಇ-ಸ್ವತ್ತು ಪತ್ರ ಬೇಕಾದಾಗ. ಕಟ್ಟಿದ ಮಾರನೇ ದಿನವೇ ಪಂಚಾಯಿತಿ ಕಟ್ಟೆ ಮೇಲೆ ಕೂತು "ನಮ್ಮ ದುಡ್ಡಲ್ಲಿ ಏನು ಮಾಡಿದೀರಾ" ಅಂತ ದಬಾಯಿಸಿದೆ. ಬಿಲ್ ಕಲೆಕ್ಟರ್ ನಕ್ಕ. ನೂರರಲ್ಲಿ ಒಂದು ರೂಪಾಯಿಯ ಹಕ್ಕಿಗೆ ಅಷ್ಟೇ ನಗು ಸಿಗುತ್ತದೆ.

ಇನ್ನು ಪರೀಕ್ಷೆ. ದೆಹಲಿಯವರು ಈಗ ಪಂಚಾಯಿತಿಗಳಿಗೆ ಅಂಕ ಕೊಡಲು ಶುರು ಮಾಡಿದ್ದಾರೆ. ಮೊದಲ ಪರೀಕ್ಷೆಯಲ್ಲಿ ಒಂಬತ್ತು ವಿಷಯ, 435 ಸೂಚಕ, 566 ಮಾಹಿತಿ. ಬಡತನ ಮುಕ್ತ ಪಂಚಾಯಿತಿ, ಮಕ್ಕಳ ಸ್ನೇಹಿ ಪಂಚಾಯಿತಿ, ನೀರು ಸಮೃದ್ಧ ಪಂಚಾಯಿತಿ, ಹೀಗೆ ಒಂಬತ್ತು ಪೇಪರ್. ಉತ್ತರ ತುಂಬುವುದು ಅದೇ ಡಾಟಾ ಎಂಟ್ರಿ ಹುಡುಗ, ಅದೂ ಕರೆಂಟ್ ಇದ್ದಾಗ, ಸರ್ವರ್ ಮನಸ್ಸು ಮಾಡಿದಾಗ. 2022-23ನೇ ಸಾಲಿನ ಫಲಿತಾಂಶ 2025ರ ಏಪ್ರಿಲ್‌ನಲ್ಲಿ ಬಂತು. ಎಸ್ಸೆಸ್ಸೆಲ್ಸಿ ಬರೆದ ಹುಡುಗ ಅಷ್ಟರಲ್ಲಿ ಪಿಯುಸಿ ಮುಗಿಸಿರುತ್ತಾನೆ. 2,16,285 ಪಂಚಾಯಿತಿಗಳಲ್ಲಿ 90ರ ಮೇಲೆ ತೆಗೆದು ಮೇಲಿನ ದರ್ಜೆಗೆ ಹೋದವು ಸೊನ್ನೆ. ಒಂದೂ ಇಲ್ಲ. ಎರಡನೇ ದರ್ಜೆಗೆ 699. ಇಡೀ ದೇಶದಲ್ಲಿ ಒಬ್ಬನಿಗೂ ಡಿಸ್ಟಿಂಕ್ಷನ್ ಬಾರದ ಪರೀಕ್ಷೆ ನಮ್ಮ ಕಾಲದ ಗಣಿತದ ಮೇಷ್ಟ್ರೂ ಇಟ್ಟಿರಲಿಲ್ಲ. ಹಾಗೆ ಆದಾಗ ಹೆಡ್‌ಮಾಸ್ಟರು ಮೇಷ್ಟ್ರನ್ನು ಕರೆದು ಏನಪ್ಪಾ ಪಾಠ ಮಾಡಿದ್ದೆ ಅಂತ ಕೇಳುತ್ತಿದ್ದರು. ಇಲ್ಲಿ ಮಕ್ಕಳಿಗೇ ಇನ್ನೊಂದು ಪೋರ್ಟಲ್ ಕೊಡುತ್ತಾರೆ.

ಎಲ್ಲ ದೆಹಲಿಯ ತಪ್ಪು ಅಂದರೆ ಬೆಂಗಳೂರಿಗೆ ಖುಷಿಯಾಗುತ್ತದೆ, ಆ ಖುಷಿ ಬೇಡ. ಚುನಾಯಿತ ಮಂಡಳಿ ಇಲ್ಲದಿದ್ದರೆ ಅನುದಾನ ಇಲ್ಲ ಅನ್ನುವುದು ಕೇಂದ್ರದ ಷರತ್ತು. ನಮ್ಮ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದದ್ದು 2021ರಲ್ಲಿ. ಕ್ಷೇತ್ರ ವಿಂಗಡಣೆ ಅಂದರು, ಮೀಸಲಾತಿ ಪಟ್ಟಿ ಅಂದರು, ಕೋರ್ಟು ಅಂದರು. ಸರ್ಕಾರ ಬದಲಾಯಿತು, ನೆಪ ಬದಲಾಗಲಿಲ್ಲ. 1987ರಲ್ಲಿ ಇದೇ ರಾಜ್ಯದಲ್ಲಿ ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬರ ಕಾಲದಲ್ಲಿ ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಇತ್ತು, ದೇಶವೇ ಬಂದು ನೋಡಿಕೊಂಡು ಹೋಗುತ್ತಿತ್ತು. ಈಗ ಸ್ಥಾನಮಾನದ ಮಾತು ಬಿಡಿ, ಆ ಕುರ್ಚಿ ಮೇಲೆ ಕೂರಲು ಆರಿಸಿ ಬಂದವರೇ ಇಲ್ಲ. ಚುನಾವಣೆ ಮಾಡಿ ಅಂತ ಅವರು, ದುಡ್ಡು ಕೊಡಿ ಅಂತ ಇವರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು, ಕೂಸು ಬಡವಾದದ್ದಕ್ಕೆ ಫೋಟೋ ಸಮೇತ ವರದಿ ಕೇಳಿದರು.

ಅದೇ ವಾರ ಊರಲ್ಲಿ ಗ್ರಾಮ ಸಭೆಯೂ ಇತ್ತು, ಹೋಗಿದ್ದೆ. ಕೋರಂ ತುಂಬಲಿ ಅಂತ ಶಾಲೆ ಬಿಟ್ಟ ಹೊತ್ತಿಗೇ ಇಟ್ಟಿದ್ದರು. ಬ್ಯಾನರ್ ಕಟ್ಟಿ ಮೊದಲು ಗುಂಪು ಫೋಟೋ ತೆಗೆದರು, ಆಮೇಲೆ ಅರ್ಧ ಜನ ಎದ್ದು ಹೋದರು. ಸಭೆಯ ಮಾತನ್ನು ಕೇಳಿಸಿಕೊಂಡು ನಡಾವಳಿಯನ್ನು ತಾನೇ ಬರೆಯುವ ಸಭಾಸಾರ್ ಅಂತ ಒಂದು ಎಐ ಉಪಕರಣವನ್ನು 2025ರ ಆಗಸ್ಟಿನಲ್ಲಿ ಕೇಂದ್ರ ತಂದಿದೆ. ನಮ್ಮ ಆ ಸಭೆಯನ್ನು ಅದಕ್ಕೆ ಕೇಳಿಸಿದ್ದರೆ ಏನು ಬರೆಯುತ್ತಿತ್ತೋ. "ನಾಯಿ ಓಡ್ಸೋ" ಅನ್ನುವುದು ಖಂಡಿತ ನಿರ್ಣಯ ಆಗುತ್ತಿತ್ತು, ಅದಕ್ಕೊಂದೇ ಎಲ್ಲರೂ ಒಪ್ಪಿದ್ದು.

ಕೊನೆಯಲ್ಲಿ ಮೂಲೆಯಿಂದ ಒಂದು ಅಜ್ಜಿ ಎದ್ದು ನಿಂತಿತು. ಸೊಂಟದಲ್ಲಿ ಎಲೆ ಅಡಿಕೆ ಚೀಲ. ಮಾರಮ್ಮನ ಗುಡಿ ಹತ್ತಿರ ಬೀದಿ ದೀಪ ಹೋಗಿ ಆರು ತಿಂಗಳಾಯ್ತು, ರಾತ್ರಿ ಎದ್ದು ಹೋಗೋಕೆ ಕಾಲು ಕಾಣಲ್ಲ, ಒಂದು ಬಲ್ಬ್ ಹಾಕ್ಸಿ ಅಂತ ಕೇಳಿತು.

"ಅಜ್ಜಿ, ಅದು ಅನ್‌ಟೈಡ್‌ನಲ್ಲಿ ಬರ್ಬೇಕು. ಅದು ಮುಗಿದೋಗಿದೆ. ಈಗ ಇರೋದೆಲ್ಲ ಗಂಟು ಹಾಕಿರೋ ದುಡ್ಡು, ನೈರ್ಮಲ್ಯದ್ದು" ಎಂದರು ಪಿಡಿಒ.

ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿತು.

"ಗಂಟಲ್ವಾ, ಬಿಚ್ಚಪ್ಪ ಹಂಗಾರೆ."

"ಇಲ್ಲಿ ಬಿಚ್ಚೋಕಾಗಲ್ಲ ಅಜ್ಜಿ. ಅದನ್ನ ಹಾಕಿರೋರು ಡೆಲ್ಲೀಲಿದಾರೆ."

"ಅದ್ಕೇನಂತೆ, ನಮ್ಗೆ ಬಸ್ಸು ಫ್ರೀ ಅಲ್ವಾ? ನಾನೇ ಹೋಗಿ ಬಿಚ್ಚಿಸ್ಕೊಂಡು ಬತ್ತೀನಿ."

"ಅಜ್ಜಿ, ಅದು ಗಡಿವರೆಗೆ ಮಾತ್ರ."