30ರ ಬೋರ್ಡು, 80ರ ಬಸ್ಸು

ನಮ್ಮ ಮಲೆನಾಡಿನ ರಸ್ತೆಯಲ್ಲಿ ದೊಡ್ಡ ಅಪಘಾತ ಆದರೆ ಮೊದಲು ಜನ ಸೇರುತ್ತಾರೆ, ಆಮೇಲೆ ಆಂಬುಲೆನ್ಸ್ ಬರುತ್ತದೆ, ಅದಾದ ಮೇಲೆ ಒಂದು ಮೀಟಿಂಗ್ ನಡೆಯುತ್ತದೆ. ಟೀ, ಗೋಡಂಬಿ ಮುಗಿಯುವ ಹೊತ್ತಿಗೆ ತೀರ್ಮಾನವೂ ಆಗಿರುತ್ತದೆ: ಆ ತಿರುವಿನಲ್ಲಿ ವೇಗದ ಮಿತಿ 40ರಿಂದ 30ಕ್ಕೆ. ತಿರುವು ಹಾಗೇ ಇರುತ್ತದೆ. ಚರಂಡಿ ನೀರು ರಸ್ತೆ ಮೇಲೇ ಹರಿಯುತ್ತದೆ, ಬೀದಿದೀಪ ಹತ್ತುವುದಿಲ್ಲ. ಆದರೆ ಅಂಕಿ ಇಳಿದಿದೆ ನೋಡಿ, ಅಷ್ಟು ಸಾಕಲ್ವಾ?

ಈ ಬೋರ್ಡಿನ ಆಯಸ್ಸು ಭಾಳ ಕಮ್ಮಿ. ನೆಡುವುದು ಬೇಸಿಗೆಯಲ್ಲಿ. ಜೂನ್ ಬಂತು ಅಂದ್ರೆ ಬುಡದಿಂದ ಬಳ್ಳಿ ಹತ್ತಲು ಶುರು. ಆಗಸ್ಟ್ ಹೊತ್ತಿಗೆ 30ರಲ್ಲಿ 3ರ ಮೇಲೆ ಪಾಚಿ ಕೂತು ಬರೀ ಸೊನ್ನೆ ಉಳಿದಿರುತ್ತದೆ, ಕಾನೂನು ಪಾಲಿಸಲೇಬೇಕು ಅನ್ನುವವರು ಅಲ್ಲೇ ಗಾಡಿ ನಿಲ್ಲಿಸಿ ಮನೆಗೆ ನಡೆದುಕೊಂಡು ಹೋಗಬೇಕು. ಗಣಪತಿ ಹಬ್ಬಕ್ಕೆ ಆ ಸೊನ್ನೆಯ ಮೇಲೂ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಬೀಳುತ್ತದೆ.

ನಿಧಾನ ಹೋಗಬಾರದು ಅಂತ ನಾನು ಹೇಳುತ್ತಿಲ್ಲ ಮಾರಾಯ್ರೆ. 40ರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ದಾಟುತ್ತದೆ, 60ರಲ್ಲಿ 16ಕ್ಕೂ ಜಾಸ್ತಿ. ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾದ ಜಾಗ 40ಕ್ಕಿಂತ 60ರಲ್ಲಿ ಎರಡೂಕಾಲು ಪಟ್ಟು, ಆಗುಂಬೆ ಮಳೆಯಲ್ಲಿ ರಸ್ತೆ ಒದ್ದೆಯಾಗಿದ್ದರೆ ಕೇಳುವುದೇ ಬೇಡ. ಸರಾಸರಿ ವೇಗ ಶೇ. 1 ಏರಿದರೆ ಸಾವಿನ ಅಪಘಾತದ ಅಪಾಯ ಶೇ. 4 ಏರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಗಾಡಿಗಳ ವೇಗದ ಲೆಕ್ಕ. ಬೋರ್ಡಿನದ್ದಲ್ಲ.

ಬ್ರಿಟನ್ನಿನ ವೇಲ್ಸ್‌ನಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಊರೊಳಗಿನ ಮಿತಿಯನ್ನು 30 ಮೈಲಿಯಿಂದ 20 ಮೈಲಿಗೆ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 48ರಿಂದ 32 ಕಿಲೋಮೀಟರಿಗೆ ಇಳಿಸಿದರು. ಜನ ಕೂಗಾಡಿದರು, ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನ ವಿರೋಧಿಸಿ ಸಹಿ ಹಾಕಿದರು. ಆದರೂ ಬೈದುಕೊಂಡೇ ಆಕ್ಸಿಲರೇಟರ್‌ನಿಂದ ಕಾಲು ತೆಗೆದರು, ಗಾಯಗೊಂಡವರ ಸಂಖ್ಯೆ ಇಳಿಯಿತು. ಯಾಕೆಂದರೆ ಅಲ್ಲಿ ಸಿಕ್ಕಿಬಿದ್ದರೆ ಲೈಸೆನ್ಸಿನ ಮೇಲೆ ದಂಡದ ಪಾಯಿಂಟ್ ಬೀಳುತ್ತದೆ, 12 ಆದರೆ ಗಾಡಿ ಓಡಿಸುವ ಹಾಗೇ ಇಲ್ಲ.

ನಮ್ಮಲ್ಲೂ 2019ರಿಂದ ಕಾರಿನವರು ಮಿತಿ ಮೀರಿದರೆ 1,000ದಿಂದ 2,000 ರೂಪಾಯಿ ದಂಡ ಇದೆ. ಹಿಡಿಯಲು ಜೀಪೂ ಇದೆ, ಮರದಡಿ. ಆದರೆ ಜೀಪಿಗಿಂತ ಅರ್ಧ ಕಿಲೋಮೀಟರ್ ಮೊದಲೇ ಎದುರಿನಿಂದ ಬರುವ ಓಮ್ನಿಯವನು ಎರಡು ಸಲ ಡಿಪ್ಪರ್ ಹೊಡೆಯುತ್ತಾನೆ. ಜಾತಿ ಕೇಳದೆ, ಪಕ್ಷ ಕೇಳದೆ, ಚಂದಾ ಇಲ್ಲದೆ ನಡೆಯುವ ಒಂದೇ ಸಹಕಾರ ಸಂಘ ಇದು. ಜೀಪು ದಾಟುವ ತನಕ ಎಲ್ಲರೂ ಸಾಧುಗಳು. ದಾಟಿದ ಮೇಲೆ ಬಾಕಿ ವಸೂಲಿ.

ಇನ್ನು ಬಸ್ಸು. ಖಾಸಗಿ ಬಸ್ಸಿಗೆ ಪರ್ಮಿಟ್ ಜೊತೆ ಟೈಮಿಂಗ್ ಕೊಡುವುದು ಒಂದು ಕಚೇರಿ, ರಸ್ತೆ ಬದಿ ಬೋರ್ಡು ನೆಡುವುದು ಇನ್ನೊಂದು ಕಚೇರಿ. ಇಬ್ಬರಿಗೂ ಮುಖ ಪರಿಚಯ ಇದ್ದ ಹಾಗಿಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್. 40ರಲ್ಲಿ ಎಲ್ಲೂ ನಿಲ್ಲದೆ ಹೋದರೇ ಒಂದೂವರೆ ಗಂಟೆ ಬೇಕು, 30ರಲ್ಲಿ ಎರಡು ಗಂಟೆ. ನಡುವೆ ಗಾಜನೂರು, ಸಕ್ರೆಬೈಲು, ಮಂಡಗದ್ದೆ, ಅದೂ ಸಾಲದು ಅಂತ ಕೈ ಅಡ್ಡ ಹಾಕಿದಲ್ಲೆಲ್ಲ ಒಂದು ಸ್ಟಾಪು. ಮಿತಿ ಇಳಿಸಿದವರು ಟೈಮಿಂಗ್ ಹಾಳೆಯನ್ನು ಮುಟ್ಟಿಲ್ಲ. ಹಾಗಾಗಿ ಡ್ರೈವರಿನ ಮುಂದೆ ಎರಡು ಸರ್ಕಾರಿ ಆದೇಶ, ಒಂದು ಪಾಲಿಸಿದರೆ ಇನ್ನೊಂದು ತಪ್ಪುತ್ತದೆ. ತಡವಾದರೆ ಕಲೆಕ್ಷನ್ ಹಿಂದಿನ ಗಾಡಿಯ ಪಾಲು. ಅವನು ಯಾವ ಆದೇಶ ಆರಿಸುತ್ತಾನೆ ಅಂತ ಬೇರೆ ಹೇಳಬೇಕಾ?

ಕಂಡಕ್ಟರ್ ಫುಟ್‌ಬೋರ್ಡಿನ ಮೇಲೆ ನಿಂತು ಒಂದು ಕಿವಿಗೆ ಮೊಬೈಲ್ ಒತ್ತಿಕೊಂಡಿರುತ್ತಾನೆ.

"ಅಣ್ಣಾ, ಹಿಂದಿನ ಗಾಡಿ ಗಾಜನೂರು ಬಿಡ್ತಂತೆ, ಎಳಿ ಎಳಿ!"

ಮಂಡಗದ್ದೆಯಲ್ಲಿ ಬಸ್ಸು ಪೂರ್ತಿ ನಿಲ್ಲುವುದಿಲ್ಲ, ನಿಂತ ಹಾಗೆ ಮಾಡುತ್ತದೆ. "ಬೇಗ ಇಳೀರಿ ಅಜ್ಜಿ." ಕೈಚೀಲ, ಕೊಡೆ, ಸೀರೆ ನೆರಿಗೆ ಮೂರನ್ನೂ ಒಂದೇ ಕೈಲಿ ಹಿಡಿದ ಅಜ್ಜಿ, "ಬಸ್ ನಿಂತ್ರೆ ತಾನೇ ಇಳಿಯೋದು ತಮ್ಮಾ?" ಅಂತ ಕೇಳುತ್ತಾರೆ. ನನ್ನ ಪ್ರಕಾರ ರಸ್ತೆ ಸುರಕ್ಷತಾ ಮೀಟಿಂಗಿಗೆ ಕರೆಯಬೇಕಾದವರು ಈ ಅಜ್ಜಿ.

ಬಸ್ಸಿನ ವೇಗ ಮಿತಿ ಮೀರದಂತೆ ತಡೆಯುವ ಸ್ಪೀಡ್ ಗವರ್ನರ್ ಇದೆಯಲ್ಲ ಅನ್ನಬೇಡಿ. ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟ್, ಮಾಡಿಸುವ ದಿನ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ.

ಬೋರ್ಡು ಸೋತಲ್ಲಿ ಊರವರು ಹಂಪ್ ಕೇಳುತ್ತಾರೆ, ರಾತ್ರೋರಾತ್ರಿ ಹಾಕಿಸುತ್ತಾರೆ ಕೂಡ. ದೇಶದ ರಸ್ತೆಗಳ ಮಾನದಂಡ ಬರೆಯುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದಲ್ಲಿ ಗಾಡಿಗಳು 25ರ ವೇಗದಲ್ಲಿ ದಾಟುವ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ನಮ್ಮದು ಗದ್ದೆ ಬದುವಿನ ಹಾಗೆ ದಿಢೀರ್ ಎದ್ದು ನಿಂತಿರುತ್ತದೆ. ಬಣ್ಣ ಇಲ್ಲ, ಮುಂಚಿತ ಸೂಚನೆ ಇಲ್ಲ. ರಾತ್ರಿ ಬೈಕಿನವನಿಗೆ ಅದು ಕಾಣುವುದು ಹಾರಿದ ಮೇಲೆ.

ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಎಂಥಾ ಶೋಕಿಲಾಲನೂ 80ರಲ್ಲಿ ಹೋಗುವುದಿಲ್ಲ. ಅಲ್ಲಿ ಅವನು ಬೋರ್ಡು ಓದುತ್ತಿಲ್ಲ, ರಸ್ತೆಯೇ ಕಿವಿ ಹಿಂಡುತ್ತಿದೆ. ಇತ್ತ ಊರೊಳಗೆ ನಾವು ಮಾಡುವುದೇನು? ಸಾಲುಮರ ಕಡಿದು, ರಸ್ತೆ ಅಗಲ ಮಾಡಿ, ಡಿವೈಡರ್ ಇಟ್ಟು, ಕನ್ನಡಿಯಂತೆ ನುಣ್ಣಗೆ ಡಾಂಬರು ಹಾಕಿ, ಶಾಲೆ ಎದುರು ದಾಟಲು ಒಂದು ಪಟ್ಟೆಯನ್ನೂ ಬಳಿಯದೆ, ಕೊನೆಗೆ ಕಂಬಕ್ಕೆ 30 ಅಂತ ತೂಗುಹಾಕುತ್ತೇವೆ. ಆಮೇಲೆ ಹುಡುಗರಿಗೆ ಶಿಸ್ತಿಲ್ಲ ಅಂತ ಭಾಷಣ.

ಈಗಿನ ಪದ್ಧತಿಯಲ್ಲೇ ಮುಂದುವರಿದರೆ ಮುಂದಿನ ಅಪಘಾತಕ್ಕೆ ಮಿತಿ 20, ಅದರ ಮುಂದಿನದಕ್ಕೆ 10. ಅಲ್ಲಿಗೆ ಇಳಿಸಲು ಅಂಕಿ ಉಳಿಯುವುದಿಲ್ಲ. ಆಗಲಾದರೂ ಯಾರಾದರೂ ಆ ಬಸ್ಸಿನ ಟೈಮಿಂಗ್ ಹಾಳೆ ತರಿಸಿ ನೋಡಬಹುದೇನೋ.